ಕೋರ್ಟಿನ ಬೆಂಚಿನಲ್ಲಿ ಮಿಸ್ ಲುವೀನಿಯಾ

ಮಿಸ್ ಲುವೀನಿಯಾ ರೆಂಬರ್ಟ್ ನನ್ನ ಬದುಕಿನೊಳಗೆ ಬಂದದ್ದು ಬಾಗಿಲು ತಪ್ಪಿ. ಚಂದಕ್ಕೆ ಹೇಳುವ ಮಾತಲ್ಲ ಇದು. ಆಕೆ ಹೋಗಬೇಕಾಗಿದ್ದ ಬಾಗಿಲು ಒಂದು, ಹೊಕ್ಕ ಬಾಗಿಲು ಇನ್ನೊಂದು. ಆಕೆಗೆ ಎಡ ಬಲ ಇವತ್ತಿಗೂ ನೆಟ್ಟಗೆ ತಿಳಿಯುವುದಿಲ್ಲ. ನನ್ನ ಬಸ್ಸಿನಲ್ಲೇ ಕೂತು ಇಷ್ಟು ವರ್ಷ ಬೆನ್ನಿಂಗ್ ರೋಡಿನಲ್ಲಿ ಓಡಾಡಿದ್ದರೂ, ಇಳಿಯುವ ಸ್ಟಾಪು ಬಂದಾಗ ನಾನೇ ಹಿಂದೆ ತಿರುಗಿ ಕೂಗಬೇಕು. ಆ ಮೊಂಡು ಮುದುಕಿ ಆವತ್ತು ಸರಿಯಾದ ಬಾಗಿಲಿಗೇ ಹೋಗಿದ್ದರೆ ನನ್ನ ಮಗ ಈಗ ಎಲ್ಲಿರುತ್ತಿದ್ದನೋ ನೆನೆಸಿಕೊಳ್ಳಲು ನನಗೆ ಧೈರ್ಯವಿಲ್ಲ. ಹಾಗಾಗಿ ಇಲ್ಲಿ ನಾನು ಆಕೆಯನ್ನು ಅಷ್ಟಿಷ್ಟು ಬೈದರೆ, ಋಣ ತೀರಿಸಲಾಗದವಳ ಬೈಗುಳ ಎಂದು ತಿಳಿದುಕೊಳ್ಳಬೇಕು.

ನಾನು ರೆನೀಟಾ ಬಾಯ್ಕಿನ್. ವಾಷಿಂಗ್ಟನ್ನಿನಲ್ಲಿ ಸಿಟಿ ಬಸ್ಸು ಓಡಿಸುತ್ತೇನೆ. ನಮ್ಮದು ಹೊಳೆಯಾಚೆಯ ಕೇರಿ. ಸಂಸತ್ತಿನ ಬಿಳಿ ಗುಮ್ಮಟ ನಮ್ಮ ಬೀದಿಯ ತುದಿಗೆ ಹೋಗಿ ನಿಂತರೆ ಕಾಣುತ್ತದೆ. ಅದರೊಳಗೆ ಕೂತವರಿಗೆ ನಾವು ಕಾಣುತ್ತೇವೋ ಇಲ್ಲವೋ, ಅದು ಬೇರೆ ಮಾತು. ನನಗೆ ಇರುವವನು ಒಬ್ಬನೇ ಮಗ, ಮಾರ್ಕೆಲ್. ಇಪ್ಪತ್ತನೇ ವಯಸ್ಸಿಗೆ ಮಾಡಬಾರದ್ದನ್ನು ಮಾಡಿದ. ಇವನ ಇಬ್ಬರು ಗೆಳೆಯರು ಅಂಗಡಿಯೊಂದರ ಮುಂದೆ ಒಬ್ಬ ಮನುಷ್ಯನನ್ನು ತಳ್ಳಿ, ಅವನ ಫೋನು, ಪರ್ಸು ಕಿತ್ತುಕೊಂಡರು. ಇವನು ಕಾರು ಓಡಿಸಿದ. ಬಿದ್ದವನ ಮೊಣಕೈ ಮುರಿಯಿತು. ಅದು ಈಗಲೂ ಪೂರ್ತಿ ಮಡಚುವುದಿಲ್ಲವಂತೆ. ನನ್ನ ಮಗನ ಪರವಾಗಿ ಏನಾದರೂ ಹೇಳಲು ಬಾಯಿ ತೆರೆಯುವ ಮುಂಚೆ ನಾನು ಆ ಮೊಣಕೈಯನ್ನು ನೆನೆಯುತ್ತೇನೆ.

ಶಿಕ್ಷೆ ಹೇಳುವ ದಿನ ವಿಚಾರಣೆ ಹನ್ನೊಂದಕ್ಕೆ ಎಂದಿದ್ದರು. ಬೆಳಿಗ್ಗೆ ಲಾಯರಮ್ಮ ಫೋನು ಮಾಡಿ, ಒಂಬತ್ತೂವರೆಗೇ ಕರೆಯುತ್ತಾರಂತೆ, ಬೇಗ ಬನ್ನಿ ಎಂದಳು. ನಾನು ಸ್ಟಿಯರಿಂಗ್ ಹಿಡಿದು ಕೂತಿದ್ದೆ. ಬದಲಿ ಡ್ರೈವರ್ ಬಂದಿರಲಿಲ್ಲ. ಬಸ್ಸಿನ ತುಂಬ ಜನರನ್ನು ನಡುರಸ್ತೆಯಲ್ಲಿ ಬಿಟ್ಟು ಓಡುವ ಹಾಗಿಲ್ಲ. ಅವನು ಬಂದು ಏನೋ ಸಬೂಬು ಹೇಳುತ್ತಿದ್ದ, ಕೇಳಿಸಿಕೊಳ್ಳದೆ ಯೂನಿಫಾರ್ಮಿನಲ್ಲೇ ಓಡಿದೆ. ಏದುಸಿರು ಬಿಡುತ್ತ ಕೋರ್ಟಿನ ಒಳಗೆ ಕಾಲಿಟ್ಟರೆ ಮುಂದಿನ ಬೆಂಚಿನ ಎದುರು ನಾಲ್ಕು ಜನ ಹೆಂಗಸರು ಸಾಲಾಗಿ ಎದ್ದು ನಿಂತಿದ್ದಾರೆ. ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ, ಬಿಳಿ ಬೂಟು, ಬಿಳಿ ಕೈಗವಸು. ನರ್ಸುಗಳು ಅಂದುಕೊಂಡೆ. ನನ್ನ ಮಗನಿಗೆ ಏನೋ ಆಗಿಹೋಗಿದೆ ಎಂದು ಹೆದರಿದೆ.

ನರ್ಸುಗಳಲ್ಲ, ನ್ಯೂ ಗಿಲಿಯಡ್ ಬ್ಯಾಪ್ಟಿಸ್ಟ್ ಚರ್ಚಿನ ಅಷರುಗಳು. ಭಾನುವಾರ ಚರ್ಚಿನ ಬಾಗಿಲಲ್ಲಿ ನಿಂತು, ಬಂದವರನ್ನು ಜಾಗ ನೋಡಿ ಕೂರಿಸುವ ಸೇವೆ ಅವರದ್ದು. ಮಿಸ್ ಲುವೀನಿಯಾ ಅವರ ಮುಖ್ಯಸ್ಥೆ. ಅವರು ಬಂದದ್ದು ತಮ್ಮ ಚರ್ಚಿನ ಹಿರಿಯ, ಡೀಕನ್ ಪರ್ನೆಲ್ಲರ ಮೊಮ್ಮಗನಿಗಾಗಿ. ಅವನ ಕೇಸೂ ಅದೇ ಮಹಡಿಯಲ್ಲಿ, ಅದೇ ಹೊತ್ತಿಗೆ. ಲಿಫ್ಟಿನಿಂದ ಇಳಿದು ಬಲಕ್ಕೆ ತಿರುಗಬೇಕಿತ್ತು. ಈಕೆ ಎದೆ ಮುಂದೆ ಮಾಡಿಕೊಂಡು ಎಡಕ್ಕೆ ನಡೆದಳು, ಉಳಿದ ಮೂವರು ಬಾತುಕೋಳಿಗಳ ಹಾಗೆ ಹಿಂದೆ.

ಜಡ್ಜು ಬಂದು ಕೂತು, ಹೆಸರು ಓದಿಸಿದಾಗಲೇ ಗೊತ್ತಾಯಿತಂತೆ, ಇವನು ನಮ್ಮ ಹುಡುಗನಲ್ಲ ಅಂತ. ಬೇರೆ ಯಾರೇ ಆಗಿದ್ದರೂ ಮೆಲ್ಲಗೆ ಎದ್ದು ಆಚೆ ಹೋಗುತ್ತಿದ್ದರು. ಆದರೆ ಅಷರುಗಳದ್ದೊಂದು ಕಟ್ಟಳೆಯಿದೆ. ದೇವರ ವಾಕ್ಯ ಓದುವಾಗ, ಪ್ರಾರ್ಥನೆ ನಡೆಯುವಾಗ, ನಡುಹಾದಿಯಲ್ಲಿ ಯಾರೂ ಕಾಲಿಡಬಾರದು. ತಡವಾಗಿ ಬಂದವರು ಬಿಷಪ್ಪರೇ ಆದರೂ ಬಾಗಿಲಲ್ಲಿ ನಿಂತಿರಬೇಕು. ಜೀವಮಾನವೆಲ್ಲ ಮಂದಿಯನ್ನು ಹಾಗೆ ತಡೆದು ನಿಲ್ಲಿಸಿದವಳು, ಕರಿಯ ನಿಲುವಂಗಿ ತೊಟ್ಟವರು ಎತ್ತರದಲ್ಲಿ ಕೂತು ಏನನ್ನೋ ಓದುತ್ತಿರುವಾಗ ತಾನೇ ಎದ್ದು ನಡೆಯುತ್ತಾಳೆಯೇ? ಮಂಡಿಯ ಮೇಲೆ ಎರಡು ಬೆರಳು ಬಡಿದಳಂತೆ. ಅವರ ಸನ್ನೆಯಲ್ಲಿ ಅದಕ್ಕೆ ಇದ್ದಲ್ಲೇ ಇರಿ ಎಂದರ್ಥ. ನಾಲ್ವರೂ ಅಲ್ಲಾಡದೆ ಕೂತರು.

ಅಷ್ಟರಲ್ಲಿ ಜಡ್ಜಮ್ಮ ಕೇಳಿದ್ದು, ಈ ಹುಡುಗನ ಕಡೆಯವರು ಯಾರಾದರೂ ಬಂದಿದ್ದಾರೆಯೇ ಅಂತ. ಮಾರ್ಕೆಲ್ ಹಿಂದೆ ತಿರುಗಿ ನನ್ನನ್ನು ಹುಡುಕಿದ. ನಾನಿರಲಿಲ್ಲ. ಅವನ ಮುಖ ನೋಡಿ ತನ್ನ ಕಾಲು ತಾನಾಗಿಯೇ ಎದ್ದಿತು ಎಂದು ಮಿಸ್ ಲುವೀನಿಯಾ ಆಮೇಲೆ ಹೇಳಿದಳು. "ನಾವಿದೀವಿ, ಮಹಾಸ್ವಾಮಿ" ಎಂದಳು. ಉಳಿದ ಮೂವರೂ ಎದ್ದರು. ನಾನು ಬಾಗಿಲು ತಳ್ಳಿಕೊಂಡು ಒಳಗೆ ಬಂದದ್ದು ಆ ಗಳಿಗೆಯಲ್ಲಿ.

ನಮ್ಮೂರಿನ ಕೌನ್ಸಿಲ್ಲು ಬಹಳ ಹಿಂದೆ ಮಾಡಿಟ್ಟ ಕಾನೂನೊಂದಿದೆ. ಇಪ್ಪತ್ತೈದು ತುಂಬುವ ಮುಂಚೆ ತಪ್ಪು ಮಾಡಿದವನನ್ನು ಜಡ್ಜು ಎಳೆಯವನೆಂದು ಎಣಿಸಬಹುದು. ಶಿಕ್ಷೆ ಕಡಿಮೆ ಮಾಡಬಹುದು. ಅವನು ಶಿಕ್ಷೆ ಮುಗಿಸಿ ನೆಟ್ಟಗೆ ಬಾಳಿದರೆ, ಆ ತೀರ್ಪನ್ನೇ ಅವನ ಹೆಸರಿನ ಮೇಲಿಂದ ತೆಗೆದುಹಾಕಬಹುದು. ಮಾಡಲೇಬೇಕು ಅಂತಿಲ್ಲ. ಎಲ್ಲವೂ ಜಡ್ಜಿನ ಮನಸ್ಸು. ಈ ಜಡ್ಜಮ್ಮ ಮಗನನ್ನು ನೋಡಿದಳು, ಬಸ್ಸಿನ ಯೂನಿಫಾರ್ಮಿನಲ್ಲಿ ಬೆವೆತು ನಿಂತ ನನ್ನನ್ನು ನೋಡಿದಳು, ಬಿಳಿ ಸಾಲನ್ನು ನೋಡಿದಳು. ಎಳೆಯವನ ಲೆಕ್ಕದಲ್ಲೇ ಎರಡು ವರ್ಷ ಜೈಲು, ಆಮೇಲೆ ಎರಡು ವರ್ಷ ಮೇಲ್ವಿಚಾರಣೆ ಎಂದಳು. "ನಿನ್ನ ಹಿಂದೆ ಜನ ಇದ್ದಾರೆ. ಅವರ ಮುಖ ಉಳಿಸು" ಎಂದು ಒಂದು ಮಾತು ಸೇರಿಸಿದಳು.

ಹೊರಗೆ ಬಂದು ನಾನು ಮಾಡಿದ ಮೊದಲ ಕೆಲಸವೆಂದರೆ ಆ ಮುದುಕಿಯ ಮೇಲೆ ಜಗಳಕ್ಕೆ ಹೋದದ್ದು.

"ಯಾರ್ರೀ ನೀವು? ನನ್ನ ಮಗನಿಗೆ ಏನಾಗ್ಬೇಕು ನೀವು?"

"ಏನೂ ಆಗ್ಬೇಕಾಗಿಲ್ಲ ಕಣಮ್ಮ. ಬಾಗಿಲು ತಪ್ಪಿ ಬಂದ್ವಿ."

"ಮತ್ತೆ ಜಡ್ಜ್ ಮುಂದೆ ನಾವಿದೀವಿ ಅಂದ್ರಲ್ಲ? ಸುಳ್ಳಲ್ವಾ ಅದು?"

"ಇದ್ವಲ್ಲ. ಬೆಂಚ್ ಮೇಲೆ ಇದ್ದೋರು ನಾವೇ ತಾನೇ? ನೀನೇ ಇರ್ಲಿಲ್ಲ." ಆಕೆ ಕೈಗವಸು ಬಿಚ್ಚಿ ಬ್ಯಾಗಿಗೆ ಹಾಕಿಕೊಂಡಳು. "ಬೈಯೋದಿದ್ರೆ ಆಮೇಲೆ ಬೈಯಿ. ಬೆಳಿಗ್ಗೆಯಿಂದ ಏನಾದ್ರೂ ತಿಂದಿದೀಯಾ?"

ತಿಂದಿರಲಿಲ್ಲ. ನಮ್ಮ ಕೇರಿಯ ಪಾರ್ಸೆಲ್ ಅಂಗಡಿಗೆ ಕರೆದುಕೊಂಡು ಹೋಗಿ, ನಮ್ಮೂರಿನ ಸಿಹಿಹುಳಿ ಮಂಬೊ ಸಾಸ್ ಸುರಿದ ಕೋಳಿ ರೆಕ್ಕೆ ಮುಂದಿಟ್ಟಳು. ನಾನು ತಿನ್ನುತ್ತ ಅತ್ತೆ, ಅಳುತ್ತ ತಿಂದೆ. ಆಕೆ ಸಮಾಧಾನದ ಮಾತೇನೂ ಆಡಲಿಲ್ಲ. ಅಂಗಡಿಯವನಿಗೆ ಸಾಸು ಸಾಲದು ಎಂದು ಗದರಿದಳು ಅಷ್ಟೆ. ಅತ್ತ ಡೀಕನ್ನರ ಮೊಮ್ಮಗನ ಬೆಂಚು ಅವನ ಸ್ವಂತ ಬಳಗದಿಂದಲೇ ತುಂಬಿ ತುಳುಕಿತ್ತಂತೆ. ಆದರೂ ಡೀಕನ್ನರು ಈಸ್ಟರ್ ಬರುವವರೆಗೂ ಈಕೆಯ ಜೊತೆ ಮಾತಾಡಲಿಲ್ಲ.

ಆವತ್ತಿನ ತಪ್ಪು ಆಮೇಲೆ ಆಕೆಯ ಕಸುಬಾಯಿತು. ಸರಿಯಾದ ಬೆಂಚಿನಲ್ಲಿ ಡೀಕನ್ನರ ಮೊಮ್ಮಗನಿಗೆ ಆಕೆ ಬೇಕಿರಲಿಲ್ಲ, ತಪ್ಪಿದ ಬೆಂಚಿನಲ್ಲಿ ನನ್ನ ಮಗನಿಗೆ ಬೇಕಿತ್ತು. ಇದು ಆಕೆಯ ತಲೆಯಲ್ಲಿ ಕೂತುಬಿಟ್ಟಿತು. ಅಂದಿನಿಂದ ವಾರಕ್ಕೊಮ್ಮೆ ಅಷರುಗಳು ಬಿಳಿ ಉಟ್ಟು ಕೋರ್ಟಿಗೆ ಹೋಗತೊಡಗಿದರು, ಯಾರೂ ಬಾರದ ಹುಡುಗರಿಗಾಗಿ. ಬಾಗಿಲು ಕಾಯುವವನು ಈಕೆಯನ್ನು ಕಂಡ ಕೂಡಲೇ, "ಅಮ್ಮಾ, ಆ ಕೊನೇ ರೂಮಲ್ಲಿ ಒಂದು ಹುಡುಗ ಇದೆ, ಅವನ ಕಡೆ ಒಂದು ನರಪಿಳ್ಳೆ ಇಲ್ಲ" ಎನ್ನುವಷ್ಟು ಸಲಿಗೆಯಾಯಿತು. ಒಳಗೆ ಹೋಗಿ ಕೂರುವುದು, ಕೇಳಿದಾಗ ಏಳುವುದು, ಇಷ್ಟೇ ಕೆಲಸ. ಎಲ್ಲ ಸಲವೂ ಫಲ ಸಿಕ್ಕಿತೆಂದು ನಾನು ಹೇಳುವುದಿಲ್ಲ. ಎಷ್ಟೋ ಸಲ ಜಡ್ಜು ತಲೆಯೆತ್ತಿಯೂ ನೋಡಲಿಲ್ಲ. ಒಮ್ಮೆ ಹುಡುಗನೊಬ್ಬ ಇವರನ್ನು ನೋಡಿ, ಈ ದೆವ್ವಗಳನ್ನ ಯಾರು ಕರೆಸಿದ್ರು ಎಂದನಂತೆ. ಮಿಸ್ ಲುವೀನಿಯಾ ಅದನ್ನು ಹೇಳಿಕೊಂಡು ವಾರವಿಡೀ ನಕ್ಕಳು.

ಆಕೆಯ ಕಥೆ ದೊಡ್ಡದೇನಲ್ಲ. ದಕ್ಷಿಣ ಕೆರೊಲೈನಾದ ಸಮ್ಟರ್ ಕಡೆಯ ಹತ್ತಿ ಹೊಲದ ಮಗಳು. ಹದಿನೆಂಟಕ್ಕೆ ಬಸ್ಸು ಹತ್ತಿ ಇಲ್ಲಿ ಚಿಕ್ಕಮ್ಮನ ಮನೆಗೆ ಬಂದಳು. ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದವಳು ರಿಟೈರಾಗುವವರೆಗೂ ಕೆಳಗಿಡಲಿಲ್ಲ. ಅಡುಗೆ ಹೇಗೆ ಎಂದು ಕೇಳಬೇಡಿ. ಸೊಪ್ಪಿಗೆ ಆಕೆ ಹಾಕುವ ಉಪ್ಪಿನಲ್ಲಿ ಒಂದು ಹಂದಿಯನ್ನೇ ಊರಹಾಕಬಹುದು. ಗಂಡ ಟ್ಯಾಕ್ಸಿ ಓಡಿಸುತ್ತಿದ್ದ, ಬೇಗ ಹೋದ. ಮಕ್ಕಳಾಗಲಿಲ್ಲ. ಇಸ್ಪೀಟಿನಲ್ಲಿ ಮೋಸ ಮಾಡುತ್ತಾಳೆ, ಸಿಕ್ಕಿಬಿದ್ದರೆ ಕಣ್ಣು ಮಂಜು ಎನ್ನುತ್ತಾಳೆ.

ನಮ್ಮೂರಿಗೆ ಸ್ವಂತ ಸೆರೆಮನೆ ಎಂಬುದಿಲ್ಲ. ಶಿಕ್ಷೆಯಾದ ನಮ್ಮ ಹುಡುಗರನ್ನು ದೇಶದ ಮೂಲೆ ಮೂಲೆಗೆ ಹಂಚುತ್ತಾರೆ. ಮಾರ್ಕೆಲ್‌ನನ್ನು ಬೆಟ್ಟಗಳ ನಡುವಿನ ಒಂದು ಜೈಲಿಗೆ ಹಾಕಿದರು. ದಿನವೆಲ್ಲ ಬಸ್ಸು ಓಡಿಸುವ ನಾನು ರಜೆಯ ದಿನ ಅಷ್ಟು ದೂರ ಕಾರು ಓಡಿಸಬೇಕು. ಮಿಸ್ ಲುವೀನಿಯಾ ಒಂದು ಸಲವೂ ತಪ್ಪಿಸದೆ ಜೊತೆಗೆ ಬಂದಳು. ದಾರಿಯುದ್ದಕ್ಕೂ ನನಗೆ ನಿದ್ದೆ ಹತ್ತದ ಹಾಗೆ ನೋಡಿಕೊಳ್ಳುತ್ತೇನೆ ಎನ್ನುವುದು, ಮೊದಲ ಸೇತುವೆ ದಾಟುವಷ್ಟರಲ್ಲಿ ತಾನೇ ಗೊರಕೆ ಹೊಡೆಯುವುದು. ಜೈಲಿನ ಭೇಟಿಯ ಕೋಣೆಯಲ್ಲಿ ಮಾತ್ರ ಆಕೆಯ ಗತ್ತು ನೋಡಬೇಕು. "ಬೆನ್ನು ನೆಟ್ಟಗೆ ಮಾಡೋ. ಇದೇನು ಬಸ್ ಸ್ಟಾಪಾ, ಜೋತುಬಿದ್ಕೊಂಡು ಕೂರೋಕೆ?" ಎನ್ನುತ್ತಿದ್ದಳು. ಮಗ ನಗುತ್ತಿದ್ದ. ಆ ಎರಡು ವರ್ಷದಲ್ಲಿ ಅವನ ನಗು ನಾನು ಕಂಡದ್ದು ಆಕೆ ಬೈದಾಗಲೇ. ನಾನೊಬ್ಬಳೇ ಹೋಗಿದ್ದರೆ ಇಬ್ಬರೂ ಮೇಜಿನ ಆಚೀಚೆ ಕೂತು ಅತ್ತು ಬರುತ್ತಿದ್ದೆವು. ಇದಕ್ಕೆ ನಾನು ಆಕೆಗೆ ಎಷ್ಟು ಕೃತಜ್ಞಳೆಂದು ಬಾಯಿಬಿಟ್ಟು ಹೇಳಲು ಹೋದರೆ, ಹೋಗತ್ಲಾಗೆ, ರಸ್ತೆ ನೋಡು ಎನ್ನುತ್ತಾಳೆ.

ಮಾರ್ಕೆಲ್ ಹೊರಗೆ ಬಂದ. ಲಿಫ್ಟು ರಿಪೇರಿ ಮಾಡುವವರ ಜೊತೆ ಸಹಾಯಕನಾಗಿ ಸೇರಿದ. ಕೆಲಸ ಅವನಿಗೆ ಹಿಡಿಸಿತು, ಅವರಿಗೂ ಇವನು ಹಿಡಿಸಿದ. ಆದರೆ ನಮ್ಮೂರಿನಲ್ಲಿ ಲಿಫ್ಟುಗಳು ಹೆಚ್ಚಾಗಿ ಇರುವುದು ಸರ್ಕಾರಿ ಕಟ್ಟಡಗಳಲ್ಲಿ. ಅವುಗಳ ಒಳಗೆ ಹೋಗಬೇಕೆಂದರೆ ಹೆಸರಿನ ಮೇಲೆ ಕಲೆಯಿರಬಾರದು. ಮೇಲ್ವಿಚಾರಣೆಯ ಎರಡು ವರ್ಷ ಮುಗಿಯುತ್ತ ಬಂದಿತ್ತು. ಆಮೇಲೆ ಜಡ್ಜು ತೀರ್ಪನ್ನು ತೆಗೆದುಹಾಕಿದರೆ ಅವನು ಪೂರ್ತಿ ಕೆಲಸಗಾರ. ಇಲ್ಲದಿದ್ದರೆ ಜೀವಮಾನವಿಡೀ ಹೊರಗೆ ನಿಂತು ಸ್ಪ್ಯಾನರು ಕೊಡುವವನು.

ಅದೇ ಹೊತ್ತಿಗೆ ಗುಮ್ಮಟದವರಿಗೆ ನಮ್ಮ ನೆನಪಾಯಿತು. ನಮಗೂ ಮೇಯರ್ ಇದ್ದಾಳೆ, ಕೌನ್ಸಿಲ್ಲು ಇದೆ. ಆದರೆ ರಾಜಧಾನಿಯಾದ ನಮ್ಮೂರು ಯಾವ ರಾಜ್ಯಕ್ಕೂ ಸೇರಿದ್ದಲ್ಲ, ದೇಶದ ಸಂಸತ್ತು ಬೇಡ ಎಂದರೆ ನಾವು ಮಾಡಿಕೊಂಡ ಕಾನೂನು ಕಸದ ಬುಟ್ಟಿಗೆ. ಆ ಸಂಸತ್ತಿನ ಕೆಳಮನೆಯಲ್ಲಿ ನಮಗೆ ಮಾತಾಡಲು ಒಬ್ಬರಿದ್ದಾರೆ, ಮತ ಹಾಕುವಂತಿಲ್ಲ. ಮೇಲ್ಮನೆಯಲ್ಲಿ ಅದೂ ಇಲ್ಲ. ಎಲ್ಲಿಂದಲೋ ಗೆದ್ದು ಬಂದವರು ಒಂದು ಮಸೂದೆ ತಂದರು. ನಮ್ಮೂರಿನಲ್ಲಿ ಹದಿನೆಂಟು ತುಂಬಿದವನು ಇನ್ನು ಎಳೆಯವನಲ್ಲ. ಶಿಕ್ಷೆಯ ವಿಚಾರಕ್ಕೆ ನಮ್ಮ ಕೌನ್ಸಿಲ್ಲು ಮುಂದೆ ಕೈಹಾಕುವಂತೆಯೇ ಇಲ್ಲ. ಕೆಳಮನೆ ಒಪ್ಪಿಬಿಟ್ಟಿತು. ಉಳಿದದ್ದು ಮೇಲ್ಮನೆ.

"ಮಾರ್ಕೆಲ್ ಕಥೆ ಏನಮ್ಮ?" ಎಂದು ಲಾಯರಮ್ಮನನ್ನು ಕೇಳಿದೆ.

"ಹಳೇ ಕೇಸಿಗೆ ಹೊಸ ಕಾನೂನು ತಗುಲಬಾರದು ಅಂತ ನಾನು ವಾದ ಮಾಡ್ತೀನಿ. ತಗುಲುತ್ತೆ ಅಂತ ಎದುರಿನವರು ವಾದ ಮಾಡ್ತಾರೆ. ಏನಾಗುತ್ತೆ ಅಂತ ಈಗಲೇ ಹೇಳಿದ್ರೆ ಅದು ಸುಳ್ಳು, ರೆನೀಟಾ."

ಸುಳ್ಳು ಹೇಳದ ಆ ಹುಡುಗಿಯ ಮೇಲೆ ನನಗೆ ಆವತ್ತು ಕೆಟ್ಟ ಕೋಪ ಬಂತು.

ಮಿಸ್ ಲುವೀನಿಯಾ ಫೋನು ಹಿಡಿದಳು. ಮೇಲ್ಮನೆಯ ಸದಸ್ಯರ ಆಫೀಸುಗಳಿಗೆ ಒಂದೊಂದಾಗಿ ಮಾಡಿದಳು. ಎಲ್ಲ ಕಡೆಯೂ ಎತ್ತುವುದು ಮೆಲುದನಿಯ ಮಕ್ಕಳು. ಎಲ್ಲರ ಮೊದಲ ಪ್ರಶ್ನೆ ಒಂದೇ: ನಿಮ್ಮ ಪಿನ್ ಕೋಡ್ ಹೇಳಿ. ಈಕೆ ನಮ್ಮ ಕೇರಿಯದ್ದು ಹೇಳುತ್ತಾಳೆ. ಆ ಕಡೆಯಿಂದ, ಕ್ಷಮಿಸಿ ಅಮ್ಮ, ನಾವು ನಮ್ಮ ರಾಜ್ಯದವರ ಅಭಿಪ್ರಾಯ ಮಾತ್ರ ಬರೆದುಕೊಳ್ಳುತ್ತೇವೆ ಎಂಬ ಉತ್ತರ.

"ನೂರು ಜನ ಇದಾರಂತೆ ಕಣೇ ಆ ಮನೇಲಿ," ಎಂದಳು ಒಂದು ಸಂಜೆ, ಫೋನು ಕೆಳಗಿಟ್ಟು. "ನೂರರಲ್ಲಿ ಒಬ್ಬ ನಮ್ಮೋನಿಲ್ಲ. ಆ ಮಕ್ಕಳು ಪಾಪ, ಚೆನ್ನಾಗೇ ಮಾತಾಡ್ತವೆ. ಆದ್ರೆ ಪೆನ್ನು ಎತ್ಕೊಳ್ಳಲ್ಲ."

ಇಂಥ ಹೊತ್ತಿನಲ್ಲಿ ನಮ್ಮೂರಿನವರು ಮಾಡುವುದು ಒಂದೇ. ನಮ್ಮಲ್ಲಿ ಎಲ್ಲರಿಗೂ ದಕ್ಷಿಣದ ರಾಜ್ಯಗಳಲ್ಲಿ ಬಳಗವಿದೆ. ಅವರಿಗೆ ಮೇಲ್ಮನೆಯಲ್ಲಿ ಇಬ್ಬಿಬ್ಬರು ಪ್ರತಿನಿಧಿಗಳು. ಹಾಗಾಗಿ ಅತ್ತೆಗೆ, ಮಾವನಿಗೆ, ದೂರದ ತಂಗಿಗೆ ಗೋಗರೆದು, ನಮ್ಮ ಪರವಾಗಿ ನಿಮ್ಮವರಿಗೆ ಒಂದು ಫೋನು ಮಾಡಿ ಎನ್ನುವುದು. ಉಪ್ಪು ಕಡ ಕೇಳಿದ ಹಾಗೆ ಮಾತು ಕಡ ಕೇಳುತ್ತೇವೆ. ಮಿಸ್ ಲುವೀನಿಯಾಳ ಅಣ್ಣ ಹೋಸಿಯಾ ಸಮ್ಟರ್ ಬಿಟ್ಟು ಕದಲದವರು, ಎಂಬತ್ತು ದಾಟಿದವರು. ಅವರ ಇಬ್ಬರು ಪ್ರತಿನಿಧಿಗಳಲ್ಲಿ ಒಬ್ಬರು ಆ ಮಸೂದೆಯ ಬೆಂಬಲಕ್ಕೆ ನಿಂತವರು. ಫೋನಿನಲ್ಲಿ ಕೇಳಿದ್ದಕ್ಕೆ ಹೋಸಿಯಾ ಖಡಾಖಂಡಿತ ಆಗುವುದಿಲ್ಲ ಎಂದರು.

"ಜುಲೈನಲ್ಲಿ ಕುಟುಂಬದ ಕೂಟ ಇದೆಯಲ್ಲ," ಎಂದಳು ಆಕೆ. "ಎದುರಾ ಎದುರೇ ಕೇಳ್ತೀನಿ. ನೀನೂ ಬಾ. ಅವನನ್ನೂ ಕರ್ಕೊಂಡು ಬಾ."

ಹೋದೆವು. ಎಲ್ಲರಿಗೂ ನೇರಳೆ ಬಣ್ಣದ ಟೀ ಶರ್ಟು, ಬೆನ್ನ ಮೇಲೆ ರೆಂಬರ್ಟ್ ಕುಟುಂಬ ಎಂದು ಅಚ್ಚು. ನಮಗೂ ಒಂದೊಂದು ಕೊಟ್ಟರು. ಹೋಸಿಯಾ ಮರಳಿನಂಗಳದಲ್ಲಿ ಗುಂಡಿ ತೋಡಿ ಇಡೀ ಹಂದಿಯನ್ನು ಕೆಂಡದ ಮೇಲೆ ಬೇಯಿಸುತ್ತಿದ್ದರು. ಅದರ ಹತ್ತಿರ ಬೇರೆ ಯಾರನ್ನೂ ಬಿಟ್ಟುಕೊಳ್ಳುವವರಲ್ಲವಂತೆ. ಆದರೆ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಬಂದು, ಅವರ ಹಳೆಯ ಕಥೆಗಳಿಗೆ ಹೂಂಗುಟ್ಟುತ್ತ ಕೆಂಡ ಎಳೆದುಕೊಟ್ಟವನು ಮಾರ್ಕೆಲ್ ಒಬ್ಬನೇ. ಯಾರ ಮಗ ಇವನು, ಒಳ್ಳೇ ಹುಡುಗ ಎಂದರು. ಚರ್ಚಿನ ಮಗು ಎಂದು ಮಿಸ್ ಲುವೀನಿಯಾ ತೇಲಿಸಿಬಿಟ್ಟಳು.

ನಾನು ಪಕ್ಕದ ಮೇಜಿನಲ್ಲಿ ಕೋಸು ಹೆಚ್ಚುತ್ತಿದ್ದೆ. ಅಣ್ಣ ತಂಗಿ ಶುರು ಮಾಡಿಕೊಂಡರು.

"ನಿಮ್ಮೂರ್ನ ನಾನು ಟಿವೀಲಿ ನೋಡ್ತೀನಿ ಲುವೀ. ಮೀಸೆ ಬಂದ ಹುಡುಗರು ಕಾರು ಕದಿಯೋದು, ಮುದುಕರನ್ನ ತಳ್ಳೋದು. ನಿಮ್ಮ ಜಡ್ಜು ಅವರಿಗೆ ಕೆನ್ನೆ ಸವರಿ ಕಳಿಸೋದು. ನಮ್ಮೋನು ಅದನ್ನ ನಿಲ್ಸ್ತೀನಿ ಅಂದ್ರೆ ನಿಲ್ಸ್ಲಿ ಬಿಡು."

"ನಿಮ್ಮೋನು ನಿಮ್ಮೂರಿಗೆ ಕಾನೂನು ಮಾಡ್ಕೊಳ್ಲಿ. ನಮ್ಮೂರಿಗೆ ಮಾಡೋಕೆ ಅವನ್ಯಾರು?"

"ನೀನು ಅಲ್ಲಿಗೆ ಯಾಕೆ ಹೋದೆ? ಇಲ್ಲೇ ಇದ್ದಿದ್ರೆ ನಿನಗೂ ಒಬ್ಬ ಇರ್ತಿದ್ದ."

"ಇಲ್ಲಿದ್ದಾಗ ಬಿಳಿಯರು ಅಪ್ಪನಿಗೆ ಓಟು ಹಾಕೋಕೆ ಬಿಟ್ರಾ? ಅದನ್ನ ಮರೆತ್ಯಾ ಹೋಸಿಯಾ?"

ಅವರು ವಿನಿಗರ್ ಕುಂಚ ಎತ್ತಿಕೊಂಡು ಹಂದಿಯ ಕಡೆ ತಿರುಗಿದರು. ಈಕೆ ಕಣ್ಣೊರೆಸಿಕೊಳ್ಳುತ್ತ ಮನೆಯೊಳಗೆ ಹೋದಳು. ಆಗ ಮಾರ್ಕೆಲ್ ಹಾರೆ ಕೆಳಗಿಟ್ಟ. ನನಗೆ ಗೊತ್ತಾಯಿತು ಏನು ಹೇಳಲಿದ್ದಾನೆ ಅಂತ. ಬೇಡವೆಂದು ಕಣ್ಸನ್ನೆ ಮಾಡಿದೆ. ಅವನು ನನ್ನ ಕಡೆ ನೋಡಲಿಲ್ಲ.

"ಅಜ್ಜ, ಟಿವೀಲಿ ನೋಡ್ತೀನಿ ಅಂದ್ರಲ್ಲ, ಆ ಹುಡುಗರಲ್ಲಿ ನಾನೂ ಒಬ್ಬ."

ಹೋಸಿಯಾ ಹಂದಿಯ ಮೇಲೆ ವಿನಿಗರ್ ಸವರುತ್ತಿದ್ದ ಕೈ ನಿಲ್ಲಿಸಲಿಲ್ಲ. "ಏನ್ ಮಾಡ್ದೆ?"

ಮಗ ಹೇಳಿದ. ಎಲ್ಲವನ್ನೂ ಹೇಳಿದ, ನನಗೇ ಯಾವತ್ತೂ ಹೇಳದ್ದನ್ನು ಕೂಡ. "ಆ ಮನುಷ್ಯ ಬಿದ್ದಿದ್ದು ಕನ್ನಡೀಲಿ ಕಾಣಿಸ್ತು. ಕಾರು ನಿಲ್ಲಿಸ್ಬಹುದಿತ್ತು. ನಿಲ್ಲಿಸ್ಲಿಲ್ಲ."

"ಜಡ್ಜು ಏನಂದ?"

"ಅಂದ್ಲು. ನಿನ್ನ ಹಿಂದೆ ಜನ ಇದಾರೆ ಅಂದ್ಲು. ಆ ಜನ ಮಿಸ್ ಲುವೀನಿಯಾ. ಆವತ್ತು ಅವರಿಗೆ ನನ್ನ ಹೆಸರೂ ಗೊತ್ತಿರ್ಲಿಲ್ಲ."

ಮುದುಕರು ಬಗ್ಗಿ ಕೆಂಡ ಕೆದಕಿದರು. ನಾನು ಚಾಕು ಹಿಡಿದುಕೊಂಡು ನಿಂತಿದ್ದೆ. ಆ ನೇರಳೆ ಶರ್ಟು ಬಿಚ್ಚಿಸಿ ಕಳಿಸುತ್ತಾರೆ ಎಂದೇ ಅಂದುಕೊಂಡೆ.

"ಸರಿ," ಎಂದರು ಕೊನೆಗೆ. "ಆ ಕಾಲು ಹಿಡ್ಕೋ. ಮಗುಚಿ ಹಾಕೋಣ."

ಇಬ್ಬರೂ ಸೇರಿ ಹಂದಿಯನ್ನು ಮಗುಚಿದರು. ಊಟದ ಹೊತ್ತಿಗೆ ಮಾರ್ಕೆಲ್‌ಗೆ ತಮ್ಮ ಪಕ್ಕದಲ್ಲೇ ಜಾಗ ಕೊಟ್ಟು ಎಲೆಕೋಸು, ಅನ್ನ, ಮಾಂಸ ಬಡಿಸಿದರು. ಆ ವಿಷಯದ ಮಾತು ಮತ್ತೆ ಎತ್ತಲಿಲ್ಲ. ನಾವು ಬರಿಗೈಯಲ್ಲಿ ಹಿಂತಿರುಗಿದೆವು ಎಂದುಕೊಂಡೆವು. ಒಂದೆರಡು ವಾರ ಕಳೆದ ಮೇಲೆ ಹೋಸಿಯಾ ತಂಗಿಗೆ ಫೋನು ಮಾಡಿದರು. "ಇವತ್ತು ನಿಮ್ಮೂರಲ್ಲಿರೋ ನಮ್ಮೋನ ಆಫೀಸಿಗೆ ಮಾಡ್ದೆ. ನಮ್ಮ ಮನೆ ಹುಡುಗನೊಬ್ಬ ಇದಾನೆ, ಈ ಮಸೂದೆ ಬೇಡ ಅಂದೆ. ಬರ್ಕೊಂಡ್ರು. ಪ್ರತಿ ಸೋಮವಾರ ಮಾಡ್ತೀನಿ." ಮಿಸ್ ಲುವೀನಿಯಾ ಫೋನಿಟ್ಟು, ನಮ್ಮ ಮನೆ ಹುಡುಗ ಅಂದ ಕಣೇ ಎಂದು ಹೇಳಿ ಹೋ ಎಂದು ಅತ್ತುಬಿಟ್ಟಳು. ಆಕೆ ಹಾಗೆ ಅತ್ತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಮೇಲ್ಮನೆ ಆ ಮಸೂದೆಯನ್ನು ಕೈಗೆತ್ತಿಕೊಳ್ಳುವ ಮುಂಚೆಯೇ ನಮ್ಮ ದಿನ ಬಂತು. ಅದೇ ಜಡ್ಜಮ್ಮ, ಕೂದಲು ಇನ್ನಷ್ಟು ನರೆತಿತ್ತು. ಕೆಲಸದ ಕಡೆಯವರು ಬಂದು ಹುಡುಗ ಒಳ್ಳೆಯವನೆಂದರು. ಮೊಣಕೈ ಮುರಿದ ಆ ಮನುಷ್ಯನಿಗೂ ತಿಳಿಸಿದ್ದರು. ತನಗೆ ಹೇಳುವುದೇನೂ ಇಲ್ಲ ಎಂದು ಆತ ಹೇಳಿ ಕಳಿಸಿದ್ದ. ಕ್ಷಮೆಯಲ್ಲ ಅದು, ಆದರೂ ನಾನು ಅವನಿಗೆ ಮನಸ್ಸಿನಲ್ಲೇ ಕೈಮುಗಿದೆ. ಜಡ್ಜಮ್ಮ ಓದಿದ್ದು ಎರಡು ಮೂರು ಸಾಲು. ತೀರ್ಪನ್ನು ತೆಗೆದುಹಾಕಲಾಗಿದೆ. ನನ್ನ ಮಗನ ಹೆಸರಿನ ಮುಂದೆ ಈಗ ಏನೂ ಇಲ್ಲ. ಏನೂ ಇಲ್ಲದಿರುವುದು ಎಷ್ಟು ದೊಡ್ಡ ಆಸ್ತಿಯೆಂದು ನನ್ನಂಥ ತಾಯಂದಿರಿಗೆ ಗೊತ್ತು.

ಆವತ್ತು ಸೋಮವಾರ. ನೇರ ಮಿಸ್ ಲುವೀನಿಯಾಳ ಅಡುಗೆಮನೆಗೆ ಹೋದೆವು. ನಾನು ಮೀನು ಕರಿಯಲು ನಿಂತೆ. ಉಪ್ಪಿನ ಡಬ್ಬಿ ಆಕೆಯ ಕೈಗೆ ಸಿಗದ ಹಾಗೆ ಎತ್ತಿಟ್ಟೆ. ಮಾರ್ಕೆಲ್ ಹೋಸಿಯಾಗೆ ಫೋನು ಮಾಡಿ, ಎಲ್ಲರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿ, ಸುದ್ದಿ ಹೇಳಿದ. ಆ ಕಡೆ ಮುದುಕರು ಗಂಟಲು ಸರಿಪಡಿಸಿಕೊಂಡರು.

"ನನ್ನ ಫೋನಿಂದಾನಾ?"

ಅಲ್ಲ, ಜಡ್ಜಿಗೂ ನಿಮ್ಮವನಿಗೂ ಸಂಬಂಧವಿಲ್ಲ ಎಂದು ಮಗ ಹೇಳಲು ಹೊರಟ. ಮಿಸ್ ಲುವೀನಿಯಾ ಅವನ ಕೈಯಿಂದ ಫೋನು ಕಿತ್ತುಕೊಂಡಳು. "ಅಲ್ಲ ಕಣೋ. ಆದ್ರೆ ನಿಲ್ಲಿಸ್ಬೇಡ."

"ಇನ್ನೂ ಯಾಕೆ?" ಎಂದೆ ನಾನು ಒಲೆಯ ಕಡೆಯಿಂದ. "ನಮ್ಮದು ಮುಗೀತಲ್ಲ."

"ನಿನ್ನದು ಮುಗೀತು. ನಾಡಿದ್ದು ಕೊನೇ ರೂಮಲ್ಲಿ ಇನ್ನೊಂದು ಕೂತಿರುತ್ತೆ. ಹತ್ತೊಂಬತ್ತು ವರ್ಷ. ಅದಕ್ಕೆ ನೀನಿದೀಯಾ?"

ನಾನು ಬಾಣಲೆಯ ಮೀನು ಮಗುಚಿದೆ. ಹೋಸಿಯಾ ಎಲ್ಲವನ್ನೂ ಕೇಳಿಸಿಕೊಂಡಿರಬೇಕು. "ತಡಿ ಲುವೀ," ಎಂದರು. "ಇನ್ನೂ ಇವತ್ತಿನ ಫೋನು ಮಾಡಿಲ್ಲ ನಾನು. ಮೊಮ್ಮಗಳು ಇಲ್ಲಿದಾಳೆ, ಮೂರನೇ ಲೈನು ಸೇರಿಸ್ತಾಳಂತೆ. ಸುಮ್ನೆ ಕೇಳಿಸ್ಕೋ."

ಆ ಪ್ರತಿನಿಧಿಯ ಆಫೀಸಿನ ಫೋನು ರಿಂಗಾಯಿತು. ಎಳೆಯ ಹೆಣ್ಣುದನಿಯೊಂದು ಎತ್ತಿತು. ಹೋಸಿಯಾರ ಗುರುತು ಹಿಡಿದು, ಹೇಗಿದ್ದೀರಿ ಸರ್, ಇವತ್ತೂ ಅದೇ ಮಸೂದೆಯಾ ಎಂದಿತು.

"ಅದೇ. ಆದ್ರೆ ಇವತ್ತು ಮಾತಾಡೋದು ನಾನಲ್ಲಮ್ಮ, ನನ್ನ ತಂಗಿ. ವಾಷಿಂಗ್ಟನ್ನಲ್ಲಿದಾಳೆ."

"ಸರ್, ನಾವು ನಮ್ಮ ರಾಜ್ಯದವರದ್ದು ಮಾತ್ರ..."

"ಗೊತ್ತು ಮಗಳೇ. ಪಿನ್ ಕೋಡ್ ನಂದು ಬರ್ಕೋ. ಮಾತು ಅವಳದ್ದು ಬರ್ಕೋ. ನನ್ನ ಪಾಲಿನದು ಇವತ್ತು ಅವಳಿಗೆ ಕೊಟ್ಟಿದೀನಿ."

ನಾನು ಒಲೆ ಆರಿಸಿದೆ. ಮಾರ್ಕೆಲ್ ಕುರ್ಚಿ ಎಳೆದುಕೊಟ್ಟರೂ ಮಿಸ್ ಲುವೀನಿಯಾ ಕೂರಲಿಲ್ಲ. ಫೋನನ್ನು ಮೇಜಿನ ಮೇಲಿಟ್ಟು, ಅಂಚು ಹಿಡಿದುಕೊಂಡು ನಿಂತಳು. ಆಮೇಲೆ ಫೋನಿನ ಹತ್ತಿರ ಬಗ್ಗಿದಳು.

"ನನ್ನ ಹೆಸರು ಲುವೀನಿಯಾ ರೆಂಬರ್ಟ್," ಎಂದಳು. "ನೀನು ಕೂತಿರೋ ಆಫೀಸಿಂದ ನಮ್ಮ ಮನೆಗೆ ಬಸ್ಸಲ್ಲಿ ಅರ್ಧ ಗಂಟೆ. ಮದುವೆ ಆಗೋಕ್ಕಿಂತ ಮುಂಚಿಂದ ಇಲ್ಲೇ ಇದೀನಿ."

"ಅಮ್ಮಾ, ಸ್ವಲ್ಪ ನಿಧಾನಕ್ಕೆ ಹೇಳಿ," ಎಂದಿತು ಆ ಮಗು. "ಬರ್ಕೊತಾ ಇದೀನಿ."

ಮಿಸ್ ಲುವೀನಿಯಾ ನಿಧಾನಕ್ಕೆ ಹೇಳಿದಳು.